ಎಸಿಟಲೊಪ್ರಾಮ್ ಒಮ್ಮೆಗೇ ಬಿಟ್ಟೆ, ಮಂಡೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗ್ತಾ ಉಂಟು. ಯಾರಿಗಾದರೂ ಹೀಗೆ ಆಗಿದೆಯಾ?

ಬದಿಯಡ್ಕದವಳು | ಸೋಮವಾರ ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಓದಿಕೊಂಡಿದ್ದೆ, ಬರೆಯುವುದು ಇದೇ ಮೊದಲು.

ನನಗೆ 41 ವರ್ಷ. ಎರಡು ವರ್ಷದ ಹಿಂದೆ ಅಪ್ಪ ಹೋದ ಮೇಲೆ ನನಗೆ ಏನೂ ಬೇಡ ಅಂತ ಆಗಿಬಿಟ್ಟಿತ್ತು. ಅಳು ಅಂತ ಅಲ್ಲ, ಅಳುವೂ ಬರ್ತಿರಲಿಲ್ಲ. ಬೆಳಿಗ್ಗೆ ಹಟ್ಟಿಯಲ್ಲಿ ಹಾಲು ಕರೆಯಲಿಕ್ಕೆ ಕೂತವಳು ಚೆಂಬು ಅರ್ಧ ಆಗುವಾಗ ಕೈ ನಿಲ್ಲಿಸಿ ಹಾಗೇ ಕೂತಿರ್ತಿದ್ದೆ. ಹಸು ಕಾಲು ಎತ್ತಿ ಹಾಕಿದರೇ ಎಚ್ಚರ. ಮೂರು ತಿಂಗಳಲ್ಲಿ ಎಂಟು ಕಿಲೋ ಇಳಿದೆ. ಥೈರಾಯ್ಡ್, ಸಕ್ಕರೆ ಎಲ್ಲ ಪರೀಕ್ಷೆ ಆಯಿತು, ಏನೂ ಇಲ್ಲ. ಕೊನೆಗೆ ಮಾನಸಿಕ ವಿಭಾಗದ ಡಾಕ್ಟ್ರು ಖಿನ್ನತೆಗೆ ಎಸಿಟಲೊಪ್ರಾಮ್ ಅನ್ನುವ ಮಾತ್ರೆ ಕೊಟ್ಟರು, ಮೊದಲ ವಾರ 5 ಎಂಜಿ, ಆಮೇಲೆ 10. ಶುರುವಿನ ಹತ್ತು ದಿನ ವಾಕರಿಕೆ, ಎದೆ ಡವಡವ. ಬಿಡುವ ಅಂತಲೇ ಇದ್ದೆ. ಐದಾರು ವಾರ ಆಗುವಾಗ ಮಗಳು ಹೇಳಿದಳು, "ಅಮ್ಮ, ನೀನು ಈಗ ಪುನಃ ಕರುವಿನ ಹತ್ತಿರ ಮಾತಾಡ್ತಿ" ಅಂತ. ನನಗೆ ಗೊತ್ತೇ ಆಗಿರಲಿಲ್ಲ.

ಎರಡು ವರ್ಷ ತಪ್ಪದೆ ತೆಗೆದುಕೊಂಡೆ. ಹೋದ ವಾರ ಒಂದು ಉಪನಯನದ ಮನೆಯಲ್ಲಿ ನನ್ನ ಚೀಲದಿಂದ ಸ್ಟ್ರಿಪ್ ಜಾರಿ ಬಿತ್ತು, ದೊಡ್ಡಮ್ಮ ನೋಡಿದರು. "ಮಂಡೆಯ ಮದ್ದು ಒಮ್ಮೆ ಹಿಡಿದರೆ ಸಾಯುವವರೆಗೂ ಬಿಡ್ಲಿಕ್ಕಿಲ್ಲ. ನಾಳೆ ಮಗಳಿಗೆ ಸಂಬಂಧ ನೋಡುವಾಗ ಎಂತ ಹೇಳ್ತಿ? ಈಗಲೇ ಬಿಸಾಡು" ಅಂದರು. ಬುಧವಾರದಿಂದ ಬಿಟ್ಟೆ. ಹೇಗೂ ಹುಷಾರಾಗಿದ್ದೇನಲ್ಲ ಅಂತ.

ಶನಿವಾರದಿಂದ ಕಣ್ಣು ಆಚೆ ಈಚೆ ತಿರುಗಿಸಿದರೆ ಸಾಕು, ಮಂಡೆಯೊಳಗೆ ಝುಂ ಅಂತ ಒಂದು ಕರೆಂಟ್. ಅರೆಕ್ಷಣ, ಅಷ್ಟೇ. ದಿವಸಕ್ಕೆ ಇಪ್ಪತ್ತು ಮೂವತ್ತು ಸಲ. ಜಗಲಿ ಇಳಿಯುವಾಗ ದೋಣಿಯಲ್ಲಿ ನಿಂತ ಹಾಗೆ. ರಾತ್ರಿ ಪೂರಾ ಕನಸು, ಬೆವರು. ಸಣ್ಣ ಮಾತಿಗೂ ಕಣ್ಣಲ್ಲಿ ನೀರು. ಹಳೇ ಕಾಯಿಲೆಯೇ ವಾಪಸ್ ಬಂತಾ, ಅಥವಾ ದೊಡ್ಡಮ್ಮ ಹೇಳಿದ ಹಾಗೆ ಮದ್ದು ಹಿಡಿದುಕೊಂಡಿದೆಯಾ? ನಾವಿರುವುದು ಕೇರಳದ ಬದಿಯಲ್ಲಿ, ಡಾಕ್ಟ್ರ ಹತ್ತಿರ ಇದನ್ನು ಮಲಯಾಳದಲ್ಲಿ ಹೇಗೆ ಹೇಳುವುದು ಅಂತಲೂ ಗೊತ್ತಿಲ್ಲ. ನನ್ನ ಮಲಯಾಳ ಅಂಗಡಿಯಲ್ಲಿ ಅಕ್ಕಿ ಕೇಳುವಷ್ಟು ಮಾತ್ರ.


ಮಂಜೇಶ್ವರದ ನರ್ಸ್ | ಸೋಮವಾರ ರಾತ್ರಿ 10:05

ಅಕ್ಕ, ಉಳಿದದ್ದೆಲ್ಲ ಆಮೇಲೆ. ಮೊದಲು ಒಂದು ಕೇಳ್ತೇನೆ, ಬೇಸರ ಮಾಡಬೇಡಿ. ಬದುಕುವುದೇ ಬೇಡ, ಸಾಯುವ ಅನ್ನುವ ಯೋಚನೆ ಏನಾದರೂ ಬರ್ತಾ ಉಂಟಾ? ಬಂದರೆ ಇಲ್ಲಿ ಉತ್ತರಕ್ಕೆ ಕಾಯಬೇಡಿ, ಮನೆಯವರನ್ನು ಎಬ್ಬಿಸಿ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ದುಡ್ಡಿಲ್ಲ, ರಾತ್ರಿಯೂ ತೆಗೆಯುತ್ತಾರೆ, ಭಾಷೆ ಆರಿಸುವಾಗ ಕನ್ನಡವೂ ಉಂಟು. ಕೇರಳದ ದಿಶಾ ನಂಬರ್ 1056 ಕೂಡ ಉಂಟು.


ಬದಿಯಡ್ಕದವಳು | ಸೋಮವಾರ ರಾತ್ರಿ 10:12

ಅದು ಇಲ್ಲ. ಹೆದರಿಕೆ ಮಾತ್ರ.


ಮಂಜೇಶ್ವರದ ನರ್ಸ್ | ಸೋಮವಾರ ರಾತ್ರಿ 10:58

ಸಮಾಧಾನ ಆಯಿತು. ಹಾಗಾದರೆ ಕೇಳಿ. ಮಾನಸಿಕ ವಿಭಾಗದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವಳು ನಾನು. ಡಾಕ್ಟರ್ ಅಲ್ಲ, ಆದರೆ ನೀವು ಬರೆದದ್ದನ್ನು ಬೇರೆ ಬೇರೆ ಬಾಯಿಯಿಂದ ನೂರಾರು ಸಲ ಕೇಳಿದ್ದೇನೆ.

ಮಂಡೆಯ ಆ ಕರೆಂಟ್ ಹಳೇ ಕಾಯಿಲೆ ಅಲ್ಲ. ಮದ್ದು ಒಮ್ಮೆಗೇ ನಿಂತದ್ದಕ್ಕೆ ಮಿದುಳು ಕೊಡುವ ಪ್ರತಿಕ್ರಿಯೆ. ಎಸಿಟಲೊಪ್ರಾಮ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 30 ಗಂಟೆ ಬೇಕು. ಬುಧವಾರ ಬಿಟ್ಟರೆ ಶನಿವಾರಕ್ಕೆ ಹೆಚ್ಚಿನದ್ದೆಲ್ಲ ಖಾಲಿ, ನಿಮಗೆ ಶುರುವಾದದ್ದೂ ಶನಿವಾರವೇ. ತಲೆ ತಿರುಗುವುದು, ಕರೆಂಟ್, ಬೆವರು, ಚಿತ್ರವಿಚಿತ್ರ ಕನಸು, ವಾಕರಿಕೆ, ಜ್ವರ ಬರುವ ಮೊದಲು ಮೈಕೈ ನೋಯುವ ಹಾಗೆ ಒಂದು ಸಂಕಟ, ಸಿಡುಕು, ಅಳು, ಇದೆಲ್ಲ ಒಂದೇ ಗುಂಪು.

ಕಾಯಿಲೆ ಮರುಕಳಿಸುವುದಾದರೆ ಸಾಮಾನ್ಯವಾಗಿ ಹೀಗೆ ಮೂರನೇ ದಿನಕ್ಕೆ ಧುತ್ತೆಂದು ಬರುವುದಿಲ್ಲ. ವಾರಗಳು, ಕೆಲವರಿಗೆ ತಿಂಗಳುಗಳು ಹಿಡಿಯುತ್ತವೆ. ಬರುವಾಗ ಹಳೇ ರೂಪದಲ್ಲೇ ಬರುತ್ತದೆ, ಅಂದರೆ ನಿಮಗೆ ಆ ಅರ್ಧ ಚೆಂಬಿನ ಹಾಲು. ಎರಡು ವರ್ಷದ ಹಿಂದೆ ನಿಮಗೆ ಮಂಡೆಯಲ್ಲಿ ಕರೆಂಟ್ ಇತ್ತಾ? ಇರಲಿಲ್ಲವಲ್ಲ. ಇನ್ನೊಂದು ಗುರುತು: ಮದ್ದು ಪುನಃ ಶುರು ಮಾಡಿದರೆ ಬಿಟ್ಟದ್ದರ ಸಂಕಟ ಹೆಚ್ಚಾಗಿ ಎರಡು ಮೂರು ದಿನಗಳಲ್ಲೇ ಇಳಿಯುತ್ತದೆ. ಖಿನ್ನತೆ ಅಷ್ಟು ಬೇಗ ಇಳಿಯುವುದಿಲ್ಲ, ನಿಮಗೇ ಐದಾರು ವಾರ ಹಿಡಿದಿತ್ತು.

ಈ ವ್ಯತ್ಯಾಸ ಗೊತ್ತಿಲ್ಲದೆ ಎರಡೂ ದಿಕ್ಕಿನಲ್ಲಿ ಜನ ಸೋಲುವುದನ್ನು ನೋಡಿದ್ದೇನೆ. "ಬಿಟ್ಟರೆ ಆಗುವುದೇ ಇಲ್ಲ, ನನ್ನ ಹಣೆಬರಹ" ಅಂತ ಬೇಡವಾದ ಮೇಲೂ ಹತ್ತು ವರ್ಷ ನುಂಗಿದವರಿದ್ದಾರೆ. "ಇದು ಮದ್ದಲ್ಲ ವಿಷ" ಅಂತ ಬೇಕಾದಾಗಲೂ ಮುಟ್ಟದೆ ಹೋದವರಿದ್ದಾರೆ. ಹೊಟ್ಟೆ ಉರಿಯುತ್ತದೆ.

ನಾಳೆ ಬೆಳಿಗ್ಗೆಯೇ ಡಾಕ್ಟರಿಗೆ ಫೋನ್ ಮಾಡಿಸಿ. ಸಾಮಾನ್ಯವಾಗಿ ಹಿಂದಿನ ಡೋಸನ್ನೇ ಪುನಃ ಶುರು ಮಾಡಿಸಿ, ಆಮೇಲೆ ನಿಧಾನಕ್ಕೆ ಇಳಿಸುತ್ತಾರೆ. ಮಲಯಾಳದ ಚಿಂತೆ ಬೇಡ, ಇದನ್ನು ಹೀಗೇ ಓದಿ: "ಗುಳಿಕ ಪೆಟ್ಟೆನ್ನು ನಿರ್ತ್ತಿ. ತಲಯಿಲ್ ಕರಂಟ್ ಅಡಿಚ್ಚ ಪೋಲೆ. ತಲಕರಕ್ಕಂ ಉಂಡ್. ಉರಕ್ಕಂ ಇಲ್ಲ." ಅಷ್ಟು ಸಾಕು, ಅವರಿಗೆ ಅರ್ಥ ಆಗ್ತದೆ.


ನೀರ್ಚಾಲು ಹಿರಿಯ | ಮಂಗಳವಾರ ಬೆಳಿಗ್ಗೆ 6:20

ತಂಗೀ, ನಿನ್ನ ದೊಡ್ಡಮ್ಮನ ಮಾತನ್ನು ಪೂರ್ತಿ ತಳ್ಳಿಹಾಕಬೇಡ. ಬಿಟ್ಟರೆ ಇಷ್ಟು ಸಂಕಟ ಕೊಡುವ ವಸ್ತುವಿಗೆ ಚಟ ಎನ್ನದೆ ಇನ್ನೇನು ಹೇಳುವುದು? ನಮ್ಮ ಕಾಲದಲ್ಲಿ ದುಃಖಕ್ಕೆ ಮಾತ್ರೆ ಇರಲಿಲ್ಲ. ಬೆಳಿಗ್ಗೆ ಎದ್ದು ತೋಟಕ್ಕೆ ಒಂದು ಸುತ್ತು, ಪ್ರಾಣಾಯಾಮ, ನಾಲ್ಕು ಜನರೊಡನೆ ಮಾತು. ನನ್ನ ಅನುಭವದ ಮಾತು ಇದು, ಯಾರನ್ನೂ ನೋಯಿಸಲಿಕ್ಕಲ್ಲ.


ಕುಂಬಳೆ ಮೆಡಿಕಲ್ | ಮಂಗಳವಾರ ಬೆಳಿಗ್ಗೆ 8:40

ಮಾವ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳ್ತೇನೆ. ಇಪ್ಪತ್ತು ವರ್ಷದಿಂದ ಮದ್ದು ಮಾರುವವ ನಾನು. ಚಟ ಅಂದರೆ ಬಯಕೆ, ಇವತ್ತು ಒಂದಾದರೆ ನಾಳೆ ಎರಡು ಬೇಕು ಅನಿಸುವುದು, ಮನೆಯವರಿಗೆ ಸುಳ್ಳು ಹೇಳಿ ತರುವುದು. ಎಸಿಟಲೊಪ್ರಾಮ್ ಇನ್ನೊಂದು ಹೆಚ್ಚಿಗೆ ಕೊಡಿ ಅಂತ ನನ್ನ ಅಂಗಡಿಗೆ ಇವತ್ತಿನವರೆಗೆ ಒಬ್ಬರೂ ಬಂದಿಲ್ಲ. ಮರೆತುಹೋಯಿತು ಅಂತ ಬಿಡುವವರೇ ಹೆಚ್ಚು. ದೇಹ ಒಂದಕ್ಕೆ ಒಗ್ಗಿಹೋಗುವುದು ಬೇರೆ. ಬಿಪಿಯ ಕೆಲವು ಮಾತ್ರೆಗಳನ್ನೂ, ಸ್ಟೀರಾಯ್ಡನ್ನೂ ಒಮ್ಮೆಗೇ ನಿಲ್ಲಿಸಿದರೆ ಅಪಾಯ ಉಂಟು, ಅದನ್ನು ಯಾರೂ ಚಟ ಅನ್ನುವುದಿಲ್ಲ.

ಆದರೆ ನಮ್ಮ ಕಡೆಯ ತಪ್ಪನ್ನೂ ಒಪ್ಪಿಕೊಳ್ಳಬೇಕು. "ಬಿಟ್ಟರೆ ಏನೂ ಆಗುವುದಿಲ್ಲ, ಎರಡು ವಾರ ಸ್ವಲ್ಪ ತಲೆ ತಿರುಗಬಹುದು" ಅಂತ ಎಷ್ಟೋ ವರ್ಷ ಹೇಳಿಕೊಂಡು ಬಂದರು. ಅದು ಎಲ್ಲರಿಗೂ ನಿಜ ಅಲ್ಲ. 2024ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ಲೆಕ್ಕ ಬಂತು. ಮದ್ದು ಬಿಟ್ಟವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಏನಾದರೊಂದು ಲಕ್ಷಣ. ಮದ್ದೇ ಇಲ್ಲದ ಹುಸಿ ಮಾತ್ರೆ ಬಿಟ್ಟವರಲ್ಲೂ ಆರರಲ್ಲಿ ಒಬ್ಬರಿಗೆ. ಹಾಗಾಗಿ ಮದ್ದಿನಿಂದಲೇ ಆದದ್ದು ಅಂತ ಹೇಳಬಹುದಾದದ್ದು ಆರೇಳು ಜನರಲ್ಲಿ ಒಬ್ಬರಿಗೆ, ತೀವ್ರವಾಗಿ ಆಗುವುದು 35ರಲ್ಲಿ ಒಬ್ಬರಿಗೆ. ಆ 35ರಲ್ಲಿ ಒಬ್ಬರಾದವರಿಗೆ ಮಾತ್ರ ಲೆಕ್ಕ ಕಟ್ಟಿಕೊಂಡು ಏನೂ ಆಗಬೇಕಾದ್ದಿಲ್ಲ, ಅವರ ಸಂಕಟ ಪೂರ್ತಿ ಅವರದ್ದೇ.

ಖಿನ್ನತೆಯ ಮದ್ದುಗಳಲ್ಲೇ ಒಂದರಿಂದ ಒಂದಕ್ಕೆ ವ್ಯತ್ಯಾಸ ಉಂಟು. ಫ್ಲುವಾಕ್ಸೆಟಿನ್ ದೇಹದಲ್ಲಿ ವಾರಗಟ್ಟಲೆ ಉಳಿಯುತ್ತದೆ, ತಾನಾಗಿಯೇ ಇಳಿಯುತ್ತದೆ, ಬಿಡುವುದು ಸುಲಭ. ಪ್ಯಾರಾಕ್ಸೆಟಿನ್, ವೆನ್ಲಾಫಾಕ್ಸಿನ್ ಕಷ್ಟದ ಗಿರಾಕಿಗಳು. ಎಸಿಟಲೊಪ್ರಾಮ್, ಸೆರ್ಟ್ರಲಿನ್ ನಡುವೆ.


ಹೊಸಂಗಡಿಯವ | ಮಂಗಳವಾರ ಮಧ್ಯಾಹ್ನ 2:15

ವೆನ್ಲಾಫಾಕ್ಸಿನ್ ಹೆಸರು ನೋಡಿ ಬರೆಯದೆ ಇರಲು ಆಗಲಿಲ್ಲ.

2020ರ ಮಾರ್ಚ್ ಕೊನೆ. ನನ್ನ ಡಾಕ್ಟರು ಮಂಗಳೂರಿನವರು, ಮದ್ದು ತರುತ್ತಿದ್ದದ್ದೂ ಮಂಗಳೂರಿನಿಂದಲೇ, ತಿಂಗಳಿಗೊಮ್ಮೆ. ವೆನ್ಲಾಫಾಕ್ಸಿನ್ 150. ಲಾಕ್‌ಡೌನ್ ಆಯಿತು, ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಬಿತ್ತು. ಅಂಬುಲೆನ್ಸುಗಳೇ ಆಚೆ ಹೋಗಲಾಗದೆ ಜನ ಸತ್ತ ದಿನಗಳು ಅವು. ನನ್ನ ಒಂದು ಮಾತ್ರೆಯ ಕಥೆ ಯಾರ ಹತ್ತಿರ ಹೇಳುವುದು? ಹಾರ್ಟಿನವರು, ಡಯಾಲಿಸಿಸಿನವರು ಒದ್ದಾಡುತ್ತಿರುವಾಗ "ನನ್ನ ಮನಸ್ಸಿನ ಮದ್ದು ಮುಗಿಯಿತು" ಅಂತ ಹೇಳಲಿಕ್ಕೆ ನಾಚಿಕೆ ಆಯಿತು.

ಕೊನೆಯ ಕ್ಯಾಪ್ಸೂಲ್ ಒಂದು ಭಾನುವಾರ ರಾತ್ರಿ ನುಂಗಿದೆ. ಮಂಗಳವಾರ ಬೆಳಿಗ್ಗೆ ಹಲ್ಲುಜ್ಜುವಾಗ ಗೋಡೆ ಹಿಡಿದುಕೊಂಡೆ. ಮಧ್ಯಾಹ್ನಕ್ಕೆ ವಾಂತಿ. ಕಣ್ಣು ತಿರುಗಿಸಿದರೆ ಕಿವಿಯೊಳಗೆ "ಸ್ವಿಶ್" ಅಂತ ಸದ್ದು, ಜೊತೆಗೆ ಕರೆಂಟ್. ಎಲ್ಲಕ್ಕಿಂತ ಕೆಟ್ಟದ್ದು ಸಿಟ್ಟು. ಆರು ವರ್ಷದ ಮಗ ಚೆಂಡು ತಂದು ಕಾಲಿಗೆ ತಾಗಿಸಿದ್ದಕ್ಕೆ ನಾನು ಕೂಗಿದ ಕೂಗು ನೆರೆಮನೆಗೆ ಕೇಳಿತ್ತು. ಅವನು ಚೆಂಡು ಬಿಟ್ಟು ಅಂಗಳದ ಮೂಲೆಯಲ್ಲಿ ತುಳಸಿಕಟ್ಟೆಯ ಹಿಂದೆ ಹೋಗಿ ಕೂತಿದ್ದ. ಆ ದೃಶ್ಯ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು.

ಇಲ್ಲಿಯ ಮೆಡಿಕಲ್‌ಗಳಲ್ಲಿ ಹೆಂಡತಿ ಹೋಗಿ ಕೇಳಿದಾಗ "ಆ ಮದ್ದು ಇಲ್ಲ" ಅಂದರು. ಕೇಳಿದ್ದು ಕಂಪೆನಿಯ ಹೆಸರು ಹೇಳಿ. ಐದನೇ ದಿನ ಕಾಲೇಜು ಓದುವ ನನ್ನ ಭಾವನ ಮಗಳು ಖಾಲಿ ಸ್ಟ್ರಿಪ್ ತಿರುಗಿಸಿ, ಸಣ್ಣ ಅಕ್ಷರದ ಹೆಸರನ್ನು ಓದಿ, ಅದನ್ನು ವಾಟ್ಸಾಪಿನಲ್ಲಿ ಕಾಸರಗೋಡಿನ ಗೆಳತಿಗೆ ಕಳಿಸಿದಳು. ಅದೇ ಮದ್ದು ಬೇರೆ ಕಂಪೆನಿಯದ್ದು ಅಲ್ಲಿ ಇತ್ತು! ಆಗ ಅಗ್ನಿಶಾಮಕ ದಳದವರು ಮನೆಗಳಿಗೆ ಮದ್ದು ಮುಟ್ಟಿಸುತ್ತಿದ್ದರು. ಕೆಂಪು ಗಾಡಿ ನಮ್ಮ ಗೇಟಿನ ಹತ್ತಿರ ನಿಂತದ್ದು, ಒಬ್ಬರು ಕೈಗವಸು ಹಾಕಿಕೊಂಡು ಕಂಪೌಂಡಿನ ಮೇಲೆ ಕಾಗದದ ಪೊಟ್ಟಣ ಇಟ್ಟದ್ದು ಮರೆಯಲಿಕ್ಕಿಲ್ಲ. ಎರಡನೇ ದಿನಕ್ಕೆ ನಾನು ಮನುಷ್ಯನಾದೆ.

ಆವತ್ತಿನಿಂದ ನಾನು ಮಾಡುವುದು: ಚೀಟಿಯ ಫೋಟೋ ಫೋನಿನಲ್ಲಿ, ಮದ್ದಿನ ಮೂಲ ಹೆಸರು ಮನೆಯ ಎಲ್ಲರಿಗೂ ಬಾಯಿಪಾಠ, ಹದಿನೈದು ದಿನದ್ದು ಯಾವಾಗಲೂ ಬೇರೆ ಡಬ್ಬಿಯಲ್ಲಿ. ಗಡಿಯಲ್ಲಿ ಬದುಕುವ ನಮಗೆ ಮದ್ದು ಒಂದು ರಾಜ್ಯದಲ್ಲಿ, ಮನೆ ಇನ್ನೊಂದು ರಾಜ್ಯದಲ್ಲಿ.


ನೀರ್ಚಾಲು ಹಿರಿಯ | ಮಂಗಳವಾರ ಸಂಜೆ 5:30

ಓದಿದೆ. ಮಗು ತುಳಸಿಕಟ್ಟೆಯ ಹಿಂದೆ ಕೂತದ್ದನ್ನು ಓದಿ ಮನಸ್ಸು ಕಲಕಿತು. ಚಟ ಎಂಬ ಶಬ್ದ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಪ್ರಾಣಾಯಾಮ, ನಡಿಗೆ ಬಿಡಬೇಡಿ ಎಂಬ ಮಾತು ಮಾತ್ರ ಹಾಗೇ ಇರಲಿ.


ಮಂಜೇಶ್ವರದ ನರ್ಸ್ | ಮಂಗಳವಾರ ಸಂಜೆ 6:10

ಖಂಡಿತ ಇರಲಿ ಮಾವ. ಸೌಮ್ಯ ಖಿನ್ನತೆಗೆ ಎಷ್ಟೋ ಸಲ ಮಾತ್ರೆಗಿಂತ ಮೊದಲು ಅದನ್ನೇ, ಮತ್ತೆ ಮಾತಿನ ಚಿಕಿತ್ಸೆಯನ್ನೇ ಹೇಳುವುದು. ಹೊಟ್ಟೆಗೆ ಅನ್ನ ಇಳಿಯದ, ಹಾಸಿಗೆಯಿಂದ ಏಳಲಾಗದ ಸ್ಥಿತಿಯಲ್ಲಿ ಮಾತ್ರ ಮದ್ದು ಕೈ ಹಿಡಿದು ನಿಲ್ಲಿಸಬೇಕಾಗ್ತದೆ, ನಡೆಯುವುದು ಆಮೇಲೆ. 2018ರಲ್ಲಿ 21 ಖಿನ್ನತೆಯ ಮದ್ದುಗಳ 522 ಪ್ರಯೋಗಗಳನ್ನು ಲ್ಯಾನ್ಸೆಟ್‌ನಲ್ಲಿ ಒಟ್ಟಿಗೆ ತೂಗಿ ನೋಡಿದರು. 21ಕ್ಕೆ 21ಊ ಹುಸಿ ಮಾತ್ರೆಗಿಂತ ಮೇಲು ಅಂತ ಬಂತು. ಮೇಲು ಅಂದರೆ ಪವಾಡ ಅಲ್ಲ, ಸರಾಸರಿ ನೋಡಿದರೆ ಸಾಧಾರಣ ಲಾಭ, ಕೆಲವರಿಗೆ ತುಂಬ ಹೆಚ್ಚು. ಖಿನ್ನತೆಗೆ ಮಾತ್ರ ಅಲ್ಲ, ವಿಪರೀತ ಗಾಬರಿ, ಪ್ಯಾನಿಕ್, ಪದೇಪದೇ ಕೈ ತೊಳೆಯುವ ಗೀಳಿಗೂ ಇದೇ ಜಾತಿಯ ಮದ್ದು ಕೊಡ್ತಾರೆ.

ಎಚ್ಚರದ ಮಾತೊಂದು: 25ಕ್ಕಿಂತ ಕೆಳಗಿನವರಲ್ಲಿ ಶುರುವಿನ ವಾರಗಳಲ್ಲಿ, ಡೋಸ್ ಬದಲಿಸುವಾಗ ಸಾಯುವ ಯೋಚನೆ ಹೆಚ್ಚಾಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಣದವರು ಮದ್ದಿನ ಮಾಹಿತಿ ಚೀಟಿಯಲ್ಲಿ ಚೌಕಟ್ಟು ಹಾಕಿದ ಎಚ್ಚರಿಕೆ ಹಾಕಿಸಿದ್ದಾರೆ. ಮಕ್ಕಳಿಗೆ ಶುರು ಮಾಡಿದರೆ ಆ ಹೊತ್ತಿನಲ್ಲಿ ಒಂಟಿ ಬಿಡಬೇಡಿ.


ಮುಳ್ಳೇರಿಯದ ಮಗ | ಬುಧವಾರ ಬೆಳಿಗ್ಗೆ 7:05

ವಯಸ್ಸಾದವರ ಒಂದು ಸಂಗತಿ ಇಲ್ಲಿ ಇರಲಿ, ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಅಮ್ಮನಿಗೆ 72. ಬಿಪಿಗೆ ಮೂತ್ರ ಹೆಚ್ಚು ಹೋಗುವ ಮಾತ್ರೆ ಮೊದಲೇ ಇತ್ತು. ಅದರ ಮೇಲೆ ಎಸಿಟಲೊಪ್ರಾಮ್ ಸೇರಿತು. ಮೂರನೇ ವಾರ ಅಡುಗೆಮನೆಯಲ್ಲಿ ನಿಂತು "ಒಲೆ ಎಲ್ಲಿ?" ಅಂತ ಕೇಳಿದರು, ಒಲೆಯ ಎದುರಿಗೇ ನಿಂತು. ಮರೆವಿನ ಕಾಯಿಲೆ ಅಂದುಕೊಂಡೆವು. ರಕ್ತ ಪರೀಕ್ಷೆಯಲ್ಲಿ ಸೋಡಿಯಂ 121. ಇರಬೇಕಾದ್ದು 135ರ ಮೇಲೆ. ಈ ಗುಂಪಿನ ಮದ್ದುಗಳು ವಯಸ್ಸಾದವರಲ್ಲಿ ಸೋಡಿಯಂ ಇಳಿಸುವುದುಂಟು, ಬಿಪಿಯ ಆ ಮಾತ್ರೆ ಜೊತೆಗಿದ್ದರೆ ಅಪಾಯ ಹೆಚ್ಚು ಅಂತ ಆಮೇಲೆ ತಿಳಿಯಿತು. ಎರಡೂ ಮದ್ದು ಬೇರೆ ಬೇರೆ ಡಾಕ್ಟರು ಬರೆದದ್ದು, ಒಬ್ಬರ ಚೀಟಿ ಇನ್ನೊಬ್ಬರು ನೋಡಲಿಲ್ಲ, ನಾನೂ ತೋರಿಸಲಿಲ್ಲ. ನಾಲ್ಕು ದಿನ ಆಸ್ಪತ್ರೆಯಲ್ಲಿ ಇದ್ದು ಸರಿ ಆದರು. ವಯಸ್ಸಾದವರಿಗೆ ಶುರು ಮಾಡಿದರೆ ಎರಡು ಮೂರು ವಾರದೊಳಗೆ ಸೋಡಿಯಂ ನೋಡಿಸಿ.


ಕುಂಬಳೆ ಮೆಡಿಕಲ್ | ಬುಧವಾರ ಬೆಳಿಗ್ಗೆ 9:00

ಬಹಳ ಮುಖ್ಯವಾದದ್ದು ಬರೆದಿರಿ. ಇದಕ್ಕೆ ಸೇರಿಸುತ್ತೇನೆ: ಮೊಣಕಾಲು ನೋವಿಗೆ ದಿನಾ ಡೈಕ್ಲೊಫೆನಾಕ್ ನುಂಗುವವರಿಗೆ, ಆಸ್ಪಿರಿನ್ ಇರುವವರಿಗೆ ಈ ಮದ್ದಿನ ಜೊತೆ ಹೊಟ್ಟೆಯೊಳಗೆ ರಕ್ತ ಜಿನುಗುವ ಸಾಧ್ಯತೆ ಹೆಚ್ಚು. ನೋವಿನ ಟ್ರಮಡಾಲ್ ಜೊತೆ ಅಂತೂ ಡಾಕ್ಟರನ್ನು ಕೇಳದೆ ಬೇಡವೇ ಬೇಡ. ಜ್ವರ, ನಡುಕ, ಗೊಂದಲ ಬಂದು ಐಸಿಯು ಸೇರಬೇಕಾದೀತು. 65 ದಾಟಿದವರಿಗೆ ಎಸಿಟಲೊಪ್ರಾಮ್ 10ಕ್ಕಿಂತ ಮೇಲೆ ಸಾಮಾನ್ಯವಾಗಿ ಹೋಗುವುದಿಲ್ಲ, ಹೃದಯದ ಬಡಿತದ ವಿಷಯ ಉಂಟು.


ಹೆಸರು ಬೇಡ | ಬುಧವಾರ ರಾತ್ರಿ 11:45

ಯಾರೂ ಹೇಳದ ಅಡ್ಡ ಪರಿಣಾಮ ಒಂದನ್ನು ನಾನೇ ಹೇಳುತ್ತೇನೆ. ಗಂಡ ಹೆಂಡತಿಯ ಸಂಬಂಧ. ಮದುವೆಯಾಗಿ ಮೂರು ವರ್ಷ. ಮದ್ದು ಶುರುವಾದ ಮೇಲೆ ಆಸೆಯೇ ಇಲ್ಲ, ಇದ್ದರೂ ಮುಗಿಯುವುದಿಲ್ಲ. ಹೆಂಡತಿ ತನ್ನಲ್ಲೇ ಏನೋ ಕೊರತೆ ಅಂದುಕೊಂಡು ಎಂಟು ತಿಂಗಳು ಒಳಗೊಳಗೆ ಅತ್ತಳು. ನಾನೂ ಬಾಯಿ ಬಿಡಲಿಲ್ಲ. ಡಾಕ್ಟರೂ ಕೇಳಲಿಲ್ಲ. ಕೊನೆಗೆ ಅವಳನ್ನೇ ಜೊತೆಗೆ ಕರೆದುಕೊಂಡು ಹೋಗಿ ಹೇಳಿದೆ. "ಇದು ಈ ಮದ್ದುಗಳಲ್ಲಿ ತುಂಬ ಸಾಮಾನ್ಯ, ಮೊದಲೇ ಹೇಳಬೇಕಿತ್ತು" ಅಂದರು. ನಿಧಾನಕ್ಕೆ ಮಿರ್ಟಾಜಪಿನ್‌ಗೆ ಬದಲಿಸಿದರು. ತೂಕ ಆರು ಕಿಲೋ ಏರಿತು, ಹಗಲು ನಿದ್ರೆ ಎಳೆಯುತ್ತದೆ, ಆದರೆ ಮನೆ ಮನೆಯಾಯಿತು. ಮದ್ದು ಬಿಟ್ಟ ಮೇಲೂ ಈ ತೊಂದರೆ ಉಳಿಯುವವರು ಕೆಲವರಿದ್ದಾರೆ ಅಂತ 2019ರಲ್ಲಿ ಯುರೋಪಿನ ಔಷಧ ಸಂಸ್ಥೆಯೂ ಒಪ್ಪಿ ಮಾಹಿತಿ ಚೀಟಿಯಲ್ಲಿ ಸೇರಿಸಲು ಹೇಳಿದೆ. ಅಣ್ಣಂದಿರೇ, ಅಕ್ಕಂದಿರೇ, ನಾಚಿಕೆ ಬಿಟ್ಟು ಕೇಳಿ.


ಉಪ್ಪಳ_ಶಾರ್ಜಾ | ಗುರುವಾರ ಬೆಳಿಗ್ಗೆ 10:30

ನನ್ನದು ಎಸಿಟಲೊಪ್ರಾಮ್ ಒಂದೇ ಅಲ್ಲ, ಅದರಲ್ಲೇ ಕ್ಲೊನಜೆಪಾಮ್ ಸೇರಿದ ಮಾತ್ರೆ. ಊರಿನಲ್ಲಿ ಒಂದೂವರೆ ವರ್ಷದಿಂದ ಅದನ್ನೇ ತಿನ್ನುತ್ತಿದ್ದೆ. ರಜೆ ಮುಗಿಸಿ ಶಾರ್ಜಾಕ್ಕೆ ಹೋಗುವಾಗ, ಅಲ್ಲಿ ಮದ್ದು ಹಿಡಿದಾರು ಅಂತ ಹೆದರಿ ಮನೆಯಲ್ಲೇ ಬಿಟ್ಟುಹೋದೆ. ನಾಲ್ಕು ರಾತ್ರಿ ಕಣ್ಣು ಮುಚ್ಚಲಿಲ್ಲ, ಕೈ ನಡುಗಿ ಚಹದ ಗ್ಲಾಸು ಹಿಡಿಯಲಾಗಲಿಲ್ಲ. ರೂಮಿನವರು ಕ್ಲಿನಿಕ್ಕಿಗೆ ಎಳೆದುಕೊಂಡು ಹೋದರು. ಇದೂ ಅದೇ ತರಹದ್ದಾ?


ಮಂಜೇಶ್ವರದ ನರ್ಸ್ | ಗುರುವಾರ ಮಧ್ಯಾಹ್ನ 1:20

ಅಲ್ಲ ತಮ್ಮ, ಇದು ಬೇರೆ, ಇನ್ನೂ ಅಪಾಯದ್ದು. ಕ್ಲೊನಜೆಪಾಮ್ ಬೇರೆಯೇ ಜಾತಿ. ಅದಕ್ಕೆ ದೇಹ ಕೆಲವೇ ವಾರಗಳಲ್ಲಿ ಒಗ್ಗುತ್ತದೆ, ಚಟವೂ ಆಗಬಹುದು, ಒಮ್ಮೆಗೇ ಬಿಟ್ಟರೆ ಫಿಟ್ಸ್ ಬರುವ ಸಂಭವ ಉಂಟು. ಶುರುವಿನ ಗಾಬರಿ ತಗ್ಗಿಸಲು ಎರಡರಿಂದ ನಾಲ್ಕು ವಾರ ಕೊಟ್ಟು ತೆಗೆಯಬೇಕಾದ್ದು ಅದು. ಒಂದೇ ಮಾತ್ರೆಯಲ್ಲಿ ಸೇರಿಸಿದರೆ ತೆಗೆಯುವುದು ಯಾರಿಗೂ ನೆನಪಾಗುವುದಿಲ್ಲ. ಈ ಜೋಡಿ ಮಾತ್ರೆಗಳ ಮೇಲೆ ನನಗೆ ತುಂಬ ಸಿಟ್ಟುಂಟು. ಎಲ್ಲರೂ ಈಗಲೇ ನಿಮ್ಮ ಸ್ಟ್ರಿಪ್ ತಿರುಗಿಸಿ ನೋಡಿ: ಎರಡು ಹೆಸರಿದ್ದರೆ ಡಾಕ್ಟರನ್ನು ಕೇಳಿ, ಎರಡನ್ನೂ ಬೇರೆ ಬೇರೆಯಾಗಿ ಇಳಿಸಬೇಕು. ಎಮಿರೇಟ್ಸ್‌ಗೆ ಅದನ್ನು ಒಯ್ಯುವುದಾದರೆ ಮೊದಲೇ ಆನ್‌ಲೈನ್ ಅನುಮತಿ ಬೇಕು, ಡಾಕ್ಟರ ಚೀಟಿ ಜೊತೆಗಿರಬೇಕು.


ಬದಿಯಡ್ಕದವಳು | ಶುಕ್ರವಾರ ರಾತ್ರಿ 8:15

ಎಲ್ಲರೂ ಇಷ್ಟು ಬರೆದಿದ್ದೀರಿ, ಒಂದೊಂದನ್ನೂ ಎರಡೆರಡು ಸಲ ಓದಿದೆ. ಮಂಗಳವಾರವೇ ಫೋನ್ ಮಾಡಿದೆ. ನರ್ಸಕ್ಕ ಬರೆದುಕೊಟ್ಟ ನಾಲ್ಕು ಸಾಲು ಹಾಗೇ ಓದಿದೆ. ಡಾಕ್ಟ್ರು ಪೂರ್ತಿ ಕೇಳಿ "ಪೇಡಿಕ್ಕೇಂಡ" ಅಂದರು, ಹೆದರಬೇಡ ಅಂತ. 10 ಎಂಜಿ ಪುನಃ ಶುರು. ಗುರುವಾರ ಮಧ್ಯಾಹ್ನದ ಮೇಲೆ ಕರೆಂಟ್ ಒಂದೇ ಸಲ ಬಂತು. ಇವತ್ತು ಇಲ್ಲ. ಇನ್ನು ಮಳೆಗಾಲ ಶುರುವಾದ ಮೇಲೆ ಇಳಿಸುವ, ಮದುವೆ ಮುಂಜಿಯ ಗಡಿಬಿಡಿ ಮುಗಿಯಲಿ ಅಂದರು.


ಪೆರ್ಲದ ಟೀಚರ್ | ಶುಕ್ರವಾರ ರಾತ್ರಿ 9:00

ತುಂಬ ಸಂತೋಷ ಆಯಿತು. ಬಿಡದವಳ ಮಾತೂ ಒಂದು ಇರಲಿ. ನನಗೆ ಮೂರು ಸಲ ಖಿನ್ನತೆ ಬಂದಿದೆ. ಎರಡು ಸಲ ಸರಿಯಾದ ಕ್ರಮದಲ್ಲೇ, ತಿಂಗಳುಗಟ್ಟಲೆ ಇಳಿಸಿ ಬಿಟ್ಟೆ. ಎರಡು ಸಲವೂ ವರ್ಷದೊಳಗೆ ವಾಪಸ್ ಬಂತು, ಎರಡನೇ ಸಲ ಶಾಲೆಗೆ ನಾಲ್ಕು ತಿಂಗಳು ರಜೆ. ಇಂಗ್ಲೆಂಡಿನಲ್ಲಿ 478 ಜನರ ಮೇಲೆ ಮಾಡಿದ, 2021ರಲ್ಲಿ ಪ್ರಕಟವಾದ ಒಂದು ಪ್ರಯೋಗ ಉಂಟು. ಎಲ್ಲರೂ ವರ್ಷಗಟ್ಟಲೆ ಮದ್ದಿನಲ್ಲಿದ್ದವರು, ಬಿಡಲು ಸಿದ್ಧರಾಗಿದ್ದವರು. ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಬಿಟ್ಟವರಲ್ಲಿ 56 ಶೇಕಡಾ, ಮುಂದುವರಿಸಿದವರಲ್ಲಿ 39 ಶೇಕಡಾ. ಬಿಟ್ಟೂ ಚೆನ್ನಾಗಿದ್ದವರು ಬಹಳ ಜನ ಇದ್ದಾರೆ ಅಂತಲೂ ಅದೇ ಲೆಕ್ಕ ಹೇಳುತ್ತದೆ. ನನಗೆ ಬೇಕು, ನಾನು ತೆಗೆದುಕೊಳ್ಳುತ್ತೇನೆ. ಬಿಡುವುದಾದರೂ ಇರುವುದಾದರೂ ಅದು ದೊಡ್ಡಮ್ಮನ ಮಾತಿಗಾಗಿ ಆಗಬಾರದು ಅಕ್ಕ.


ಬದಿಯಡ್ಕದವಳು | ಎರಡು ತಿಂಗಳ ಮೇಲೆ, ಭಾನುವಾರ ಸಂಜೆ 4:40

ಹಳೇ ಎಳೆಯನ್ನು ಪುನಃ ಎಬ್ಬಿಸುತ್ತಿದ್ದೇನೆ. ಇಳಿಸುವುದು ಶುರುವಾಯಿತು. ಈಗ ಏಳೂವರೆ ಎಂಜಿ, ನಾಲ್ಕು ವಾರ. ಆಮೇಲೆ 5. 5ರಿಂದ ಕೆಳಗೆ ಇನ್ನೂ ನಿಧಾನ ಅಂದಿದ್ದಾರೆ. ಇಷ್ಟು ಸಣ್ಣದಕ್ಕೆ ಯಾಕೆ ಅಷ್ಟು ನಿಧಾನ ಅಂತ ಕೇಳಲಿಕ್ಕೆ ಮರೆತೆ. ಏಳೂವರೆಗೆ 5ರದ್ದು ಒಂದು ಪೂರ್ತಿ, ಇನ್ನೊಂದು ಅರ್ಧ. ಅರ್ಧ ಮಾಡಲು ಅಡಕತ್ತರಿ ತೆಗೆದುಕೊಂಡೆ, ಅಡಿಕೆ ಹೋಳು ಮಾಡಿದ ಕೈ ಅಲ್ಲವಾ. ಆದರೆ ಮಾತ್ರೆ ಪುಡಿಯಾಗಿ ಅರ್ಧ ನೆಲಕ್ಕೆ ಹೋಯಿತು.


ಕುಂಬಳೆ ಮೆಡಿಕಲ್ | ಭಾನುವಾರ ಸಂಜೆ 7:30

ಅಡಕತ್ತರಿ ಬೇಡ ಅಕ್ಕ! ಮಾತ್ರೆ ಕತ್ತರಿಸುವ ಸಣ್ಣ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ, ಒಳಗೆ ಬ್ಲೇಡ್ ಇರ್ತದೆ, ಬೆಲೆ ಹೆಚ್ಚೇನಿಲ್ಲ. ಓದುವ ಉಳಿದವರಿಗೆ: ಸಾದಾ ಎಸಿಟಲೊಪ್ರಾಮ್ ತುಂಡು ಮಾಡಬಹುದು. ಹೆಸರಿನ ಹಿಂದೆ ಎಕ್ಸ್‌ಆರ್, ಸಿಆರ್, ಇಆರ್ ಅಂತ ಇದ್ದದ್ದನ್ನು ಕತ್ತರಿಸಲೇಬಾರದು, ನಿಧಾನಕ್ಕೆ ಬಿಡಬೇಕಾದ ಮದ್ದು ಒಮ್ಮೆಗೇ ಬಿಟ್ಟುಬಿಡುತ್ತದೆ.

ನಿಧಾನ ಯಾಕೆ ಅಂದರೆ, ಮದ್ದಿನ ತೂಕವೂ ಮಿದುಳಿನ ಮೇಲಿನ ಅದರ ಕೆಲಸವೂ ಒಂದೇ ಅಳತೆಯಲ್ಲಿ ಇಳಿಯುವುದಿಲ್ಲ. 2019ರಲ್ಲಿ ಮಾರ್ಕ್ ಹೊರೊವಿಟ್ಜ್, ಡೇವಿಡ್ ಟೇಲರ್ ಎಂಬ ಇಬ್ಬರು ಇದನ್ನು ವಿವರಿಸಿ ಬರೆದರು. 20ರಿಂದ 10ಕ್ಕೆ ಇಳಿದಾಗ ಮಿದುಳಿಗೆ ಹೆಚ್ಚೇನೂ ಗೊತ್ತಾಗುವುದಿಲ್ಲ, 5ರಿಂದ ಸೊನ್ನೆಗೆ ಇಳಿದಾಗ ದೊಡ್ಡ ಪಾತ. ಹಳೇ ಕೆರೆಗೆ ಇಳಿದ ಹಾಗೆ: ಮೇಲಿನ ಮೆಟ್ಟಿಲು ಗೇಣುದ್ದ, ಕೊನೆಯದ್ದು ಆಳೆತ್ತರ. ಹಾಗಾಗಿ ಕೊನೆಗೆ ಮೆಟ್ಟಿಲು ಸಣ್ಣದು ಮಾಡಿಕೊಂಡು ಇಳಿಯಬೇಕು, ಎರಡೂವರೆ, ಅದರ ಅರ್ಧ, ಹೀಗೆ. ಕೆಲವು ದೇಶಗಳಲ್ಲಿ ಹನಿ ರೂಪದಲ್ಲೂ ಸಿಗುತ್ತದೆ, ಅಳೆಯುವುದು ಸುಲಭ. ಒಂದು ಮೆಟ್ಟಿಲಲ್ಲಿ ಕರೆಂಟ್ ಪುನಃ ಬಂದರೆ ಅಲ್ಲೇ ನಿಂತು ಡಾಕ್ಟರಿಗೆ ಹೇಳಿ.


ಬದಿಯಡ್ಕದವಳು | ಭಾನುವಾರ ರಾತ್ರಿ 8:05

ಕೆರೆಯ ಲೆಕ್ಕ ಅರ್ಥ ಆಯಿತು. ಇನ್ನೊಂದು ಕೇಳಲಾ? ತುಂಡು ಮಾಡಿ ಇಟ್ಟದ್ದು ಈ ಮಳೆಗೆ ಎರಡೇ ದಿನದಲ್ಲಿ ಮೆತ್ತಗಾಗಿ ಬೆರಳಿಗೆ ಅಂಟುತ್ತಾ ಉಂಟು. ಬಿಸಿಲಿಗೆ ಇಡಬಹುದಾ?


ಕುಂಬಳೆ ಮೆಡಿಕಲ್ | ಭಾನುವಾರ ರಾತ್ರಿ 8:20

ಬಿಸಿಲು ಬೇಡ, ಅಡುಗೆಮನೆಯೂ ಬೇಡ. ಇಡೀ ಸ್ಟ್ರಿಪ್ ಕತ್ತರಿಸಿ ಇಡಬೇಡಿ, ಇವತ್ತಿನ ಅರ್ಧ ಇವತ್ತು, ಉಳಿದ ಅರ್ಧ ನಾಳೆಗೆ. ಆ ಅರ್ಧವನ್ನು ಬಿಗಿ ಮುಚ್ಚಳದ ಸಣ್ಣ ಗಾಜಿನ ಕುಪ್ಪಿಯಲ್ಲಿ ಹಾಕಿ ಬಟ್ಟೆಯ ಕಪಾಟಿನಲ್ಲಿಡಿ. ನನ್ನ ಅಂಗಡಿಯಲ್ಲಿ ಖಾಲಿ ಕುಪ್ಪಿಗಳುಂಟು, ಈ ಕಡೆ ಬಂದರೆ ಹೇಳಿ, ತೊಳೆದು ಒಣಗಿಸಿ ಇಟ್ಟಿರ್ತೇನೆ.